ಅಕಾರಾದಿ ಸಾಲು

ಕಪ್ಪು ಪಿಕಪ್ ನೇರವಾಗಿ ನನ್ನ ಮೇಲೇ ಬಂತು!

ಪಕ್ಕಕ್ಕೆ ಹಾರಿದೆ. ಅಮೆರಿಕದ ಫೀನಿಕ್ಸ್ ನಗರದ ಮಧ್ಯಾಹ್ನ, ಡಾಂಬರು ಬಾಣಲೆಯಂತೆ ಕಾದಿತ್ತು. ಅಂಗೈ ಸುಟ್ಟಿತು. ಪಿಕಪ್ ಕಸದ ತೊಟ್ಟಿಗೆ ಗುದ್ದಿ ನಿಂತಿತು.

ಇಳಿದವನು ರಸ್ಕ್. ಕ್ರೆಸ್ಟ್‌ಮೆಸಾ ಕಾಲೇಜಿನ ಸೆಕ್ಯೂರಿಟಿ.

"ಬ್ರೇಕ್ ಹಿಡೀಲಿಲ್ಲ ಮೇಡಂ."

"ಗಾಡಿಗಾ, ನಿನ್ನ ತಲೆಗಾ?"

"ಆ ಡಬ್ಬಿ ಕೊಟ್ಟು ಹೋಗ್ತಾ ಇರು, ಮುದುಕಿ!"

ಡಬ್ಬಿ ನನ್ನ ಕಂಕುಳಲ್ಲಿತ್ತು. ದಂತವೈದ್ಯರ ಸಹಾಯಕಿಯರ ಕೋರ್ಸಿನ ಪ್ಲಾಸ್ಟರ್ ಹಲ್ಲುಗಳ ಡಬ್ಬಿ. ಹಲ್ಲುಗಳ ಕೆಳಗೆ ಕಾಗದ. ಹತ್ತು ನಿಮಿಷದ ಹಿಂದೆ ಡೆನೀಷ ಪ್ರೂಯಿಟ್ ಕೊಟ್ಟದ್ದು. ಈ ವರ್ಷವೇ ಅದೇ ಕೋರ್ಸ್ ಮುಗಿಸಿ, ಎಲ್ಲೂ ಕೆಲಸ ಸಿಗದೆ, ಕಾಲೇಜಿನ ಕೌಂಟರಿನಲ್ಲೇ ಕೂತ ಹುಡುಗಿ. ತಲೆಯ ಮೇಲೆ ಇಪ್ಪತ್ತೇಳು ಸಾವಿರ ಡಾಲರ್ ಸಾಲ. ಕಾಲೇಜಿನ ಮೋಸ ಸಾಬೀತಾದರೆ ಸಾಲ ಮನ್ನಾ ಆಗಬಹುದು. ಇಲ್ಲವಾದರೆ ಇರುವ ಕೆಲಸವೂ ಹೋಗಿ ಸಾಲ ಮಾತ್ರ ಉಳಿಯುತ್ತದೆ.

ನಾನು ಮಾರ್ಗೊ ಡೆಲ್‌ಗಾಡೊ. ಸರ್ಕಾರದ ತನಿಖೆಯವಳು. ನಾನು ಕಾಯುವ ನಿಯಮ ಒಂದೇ. ಲಾಭಕ್ಕೆ ನಡೆಯುವ ಕಾಲೇಜು ಗಳಿಸುವ ನೂರು ಡಾಲರಿನಲ್ಲಿ ತೊಂಬತ್ತಕ್ಕಿಂತ ಹೆಚ್ಚು ಸರ್ಕಾರದ ವಿದ್ಯಾರ್ಥಿ ನೆರವಿನಿಂದ ಬರಕೂಡದು. ಉಳಿದ ಹತ್ತನ್ನು ಬೇರೆ ಯಾರಾದರೂ ಕೊಡಬೇಕು... ಆ ಓದಿಗೆ ಅಷ್ಟಾದರೂ ಬೆಲೆ ಇರಲಿ ಎಂದು. ಸತತ ಎರಡು ವರ್ಷ ಈ ನಿಯಮ ತಪ್ಪಿದರೆ ನೆರವು ಬಂದ್!

ಕ್ರೆಸ್ಟ್‌ಮೆಸಾ ಹೋದ ವರ್ಷ ತಪ್ಪಿತ್ತು. ಈ ವರ್ಷ ದಿಢೀರನೆ ಇನ್ನೂರ ಹನ್ನೆರಡು ವಿದ್ಯಾರ್ಥಿಗಳು ಕೈಯಿಂದ ಐನೂರೈನೂರು ಡಾಲರ್ ಕಟ್ಟಿದ್ದರು. ಎಲ್ಲರೂ ಮನಿ ಆರ್ಡರ್‌ನಲ್ಲೇ, ಅಂದರೆ ಅಂಗಡಿಯಲ್ಲಿ ನಗದು ಕೊಟ್ಟು ಕೊಳ್ಳುವ, ನಂಬರ್ ಹಾಕಿದ ಹಣದ ಚೀಟಿಯಲ್ಲೇ. ಮನಿ ಆರ್ಡರ್ ತೋರಿಸಿ ಎಂದರೆ... ಕಳೆದುಹೋಗಿವೆಯಂತೆ!

ರಸ್ಕ್ ಮುನ್ನುಗ್ಗಿದ. ಡಬ್ಬಿಯಿಂದ ಒಂದು ದವಡೆ ಎತ್ತಿ ಅವನ ಮೂಗಿಗೆ ಬೀಸಿದೆ.

ಸರಿಯಾಗಿ ಕಚ್ಚಿತು!

ಓಡಿದೆ. ಕಾಲೇಜಿನ ಹಿಂಬಾಗಿಲು. ಕಾರಿಡಾರ್. ಹಿಂದೆ ಬೂಟಿನ ಸದ್ದು. ಮೀಟಿಂಗ್ ರೂಮಿನ ಬಾಗಿಲು ತಳ್ಳಿ ಒಳಗೆ ಬಿದ್ದೆ. ಬೂಟಿನ ಸದ್ದು ಹೊರಗೇ ನಿಂತಿತು.

ಒಳಗೆ ಮಾಲೀಕ ಕೆಸಿಂಜರ್ ಕಾಫಿ ಹೀರುತ್ತಿದ್ದ. ಎದುರಿಗೆ ನನ್ನ ಮೇಲಧಿಕಾರಿ ಇಂಗರ್‌ಸಾಲ್. ಕೈಯಲ್ಲಿ ಪೆನ್ನು! ತಪ್ಪಿಲ್ಲ ಎಂದು ಸಹಿ ಹಾಕಿದರೆ ಫೈಲು ಮುಚ್ಚಿದಂತೆ.

"ತಡೀರಿ ಸರ್!"

"ಬಾಗಿಲು ತಟ್ಟೋ ಅಭ್ಯಾಸ ಇಲ್ವೇನ್ರೀ?" ಕೆಸಿಂಜರ್ ಗುರುಗುಟ್ಟಿದ. "ಅದು ಮಕ್ಕಳು ಬೆವರು ಸುರಿಸಿ ಕಟ್ಟಿದ ದುಡ್ಡು."

"ನನ್ನ ಹೆಸರೂ ಇದೆಯಲ್ಲ ಸರ್ ಅದ್ರಲ್ಲಿ?"

ಬಾಗಿಲಲ್ಲಿ ಡೆನೀಷ. ನೇರವಾಗಿ ಮೇಜಿನ ಬಳಿ ಬಂದಳು.

"ನಾನು ಕಟ್ಟಿದೆ ಅಂತೀರಲ್ಲ, ಆ ತಿಂಗಳು ಪೆಟ್ರೋಲ್‌ಗೆ ಕಾಸಿಲ್ದೆ ರಕ್ತದ ಪ್ಲಾಸ್ಮಾ ಮಾರಿದ್ದೆ ಸರ್. ಐನೂರು ಎಲ್ಲಿಂದ ತರ್ಲಿ?"

"ನಿನ್ನ ಕೆಲಸ ಇವತ್ತಿಗೆ ಮುಗೀತು!"

"ಒಳ್ಳೇದಾಯ್ತು. ಇನ್ನು ಹೆದರ್ಕೊಂಡು ಮಾತಾಡ್ಬೇಕಿಲ್ಲ."

"ಕೂತ್ಕೋ ಮಗಳೇ," ಎಂದು ಕುರ್ಚಿ ಎಳೆದುಕೊಟ್ಟೆ. ಡಬ್ಬಿಯನ್ನು ಮೇಜಿನ ಮೇಲೆ ಕವುಚಿದೆ. ಹಲ್ಲುಗಳು ಉರುಳಿದವು. ಕೊನೆಗೆ ಮನಿ ಆರ್ಡರ್‌ಗಳ ನಕಲುಗಳು.

"ಒಬ್ಬಳ ಮಾತು!" ಕೆಸಿಂಜರ್ ನಕ್ಕ. "ಮಿಕ್ಕ ಇನ್ನೂರ ಹನ್ನೊಂದು ಜನರನ್ನ ಎಲ್ಲಿಂದ ಕರ್ಕೊಂಡು ಬರ್ತೀಯಾ?"

"ಬೇಕಾಗಿಲ್ಲ. ಸರ್, ಇವುಗಳ ಮೇಲಿರೋ ಹೆಸರು, ನಂಬರ್ ಓದಿ. ಕೊನೇ ಮೂರು ಅಂಕಿ ಸಾಕು."

ಇಂಗರ್‌ಸಾಲ್ ಕನ್ನಡಕ ಏರಿಸಿದರು.

"ಅಬಟ್... ನಾನೂರ ಒಂದು. ಆಕರ್... ನಾನೂರ ಎರಡು. ಅಡೇರ್... ನಾನೂರ ಮೂರು..."

ನಿಲ್ಲಿಸಿದರು. ಕಟ್ಟಿನ ತಳದಿಂದ ಕೊನೆಯ ಹಾಳೆ ಎಳೆದರು.

"ಝೈಡ್ಲರ್... ಆರುನೂರ ಹನ್ನೆರಡು."

ಒಂದೇ ಪೆಟ್ರೋಲ್ ಬಂಕಿನ ಅಂಗಡಿ. ಒಂದೇ ದಿನ. ನಂಬರೂ ಬಿಡದಂತೆ ಸಾಲಾಗಿ, ಹೆಸರೂ ಇಂಗ್ಲಿಷ್ ಅಕಾರಾದಿಯಲ್ಲಿ ಎ-ಯಿಂದ ಝಡ್‌ವರೆಗೆ ಸಾಲಾಗಿ! ಯಾರೋ ಹಾಜರಿ ಪಟ್ಟಿ ಹಿಡಿದುಕೊಂಡೇ ಕೊಂಡಿದ್ದರು.

ಕೆಸಿಂಜರ್‌ನ ಕಾಫಿ ಅಂಗಿಯ ಮೇಲೆ ಚೆಲ್ಲಿತು. ಇಂಗರ್‌ಸಾಲ್ ಪೆನ್ನಿನ ಮುಚ್ಚಳ ಹಾಕಿದರು. ಟಕ್!

ಕ್ರೆಸ್ಟ್‌ಮೆಸಾದ ವಿದ್ಯಾರ್ಥಿಗಳು ಒಬ್ಬರೂ ತಪ್ಪದೆ, ಶಿಸ್ತಾಗಿ ಸಾಲು ನಿಂತದ್ದು ಅದೊಂದೇ ದಿನ... ಪಾಪ, ಅವತ್ತು ಅವರು ಯಾರೂ ಬಂದೇ ಇರಲಿಲ್ಲ!