ಯಾವ ಗೂಸು?

“ಗೂಸ್ ಬಂದ್ಲು, ದಾರಿ ಬುಡ್ರಲಾ!”

ಕೊಪ್ಪದ ಸ್ಕೂಲ್ ಗೇಟಿನ ಹತ್ತಿರ ಸಿದ್ದೇಶ ಕೂಗಿದ. ಜೊತೆಗಿದ್ದವರು ಕತ್ತು ಚಾಚಿ ‘ಕ್ವಾಂಕ್ ಕ್ವಾಂಕ್’ ಅಂದರು. ಅಮೃತಳ ಕಿವಿ ಬಿಸಿಯಾಯಿತು.

ಇದೆಲ್ಲ ಶುರುವಾಗಿದ್ದು ಸೋಮವಾರದ ಇಂಗ್ಲಿಷ್ ಕ್ಲಾಸಿನಲ್ಲಿ. ಒಂದು ಹೆಬ್ಬಾತು ಗೂಸ್, ತುಂಬ ಇದ್ದರೆ ಏನಂತಾರೆ ಎಂದು ಮೋಹಿನಿ ಮಿಸ್ ಕೇಳಿದರು. ಅಮೃತ ಎಲ್ಲರಿಗಿಂತ ಮೊದಲೇ ಎದ್ದು “ಗೂಸಸ್!” ಅಂದಳು.

“ಗೀಸ್ ಕಣಮ್ಮ, ಸಿಲ್ಲಿ ಗೂಸ್!” ಮಿಸ್ ನಕ್ಕುಬಿಟ್ಟರು. ಹಾಗಂದರೆ ಪೆದ್ದಿ ಅಂತ ಯಾರೋ ಪಿಸುಗುಟ್ಟಿದರು. ಅಷ್ಟೇ ಸಾಕಾಯಿತು.

“ಅಂದ್ರೆ ಅನ್ಲಿ, ಬುಡು ಅತ್ಲಾಗೆ,” ಅಂದಳು ಸಂಜೆ ಮನೆಯಲ್ಲಿ ಅವ್ವ.

“ಯಾಕ್ ಬುಡ್ಬೇಕವ್ವ? ನಾ ಬುಡಕ್ಕಿಲ್ಲ!”

ಮಾರನೆಯ ದಿನ ಆಟದ ಪೀರಿಯಡ್‌ನಲ್ಲಿ ಅಮೃತ ಲೈಬ್ರರಿಗೆ ಹೋಗಿ ದಪ್ಪನೆಯ ಡಿಕ್ಷನರಿ ತೆರೆದಳು. ಓದುತ್ತಾ ಓದುತ್ತಾ ಅವಳ ಬೆನ್ನು ನೆಟ್ಟಗಾಯಿತು.

ಶುಕ್ರವಾರದ ಪ್ರೇಯರ್‌ನಲ್ಲಿ ‘ದಿನಕ್ಕೊಂದು ಪದ’ ಹೇಳುವ ಸರದಿ ಗೆಳತಿ ನಾಗಶ್ರೀಯದು. ಅವಳನ್ನು ಒಪ್ಪಿಸಿ ಅಮೃತಳೇ ಮೈಕ್ ಮುಂದೆ ನಿಂತಳು.

“ಇವತ್ತಿನ ಪದ, ಗೂಸ್.”

ಸಾಲುಗಳಲ್ಲಿ ಕಿಸಿಕಿಸಿ ನಗು. ಅವಳು ಮೈಕನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

“ಗೂಸ್ ಅಂದರೆ ಹೆಬ್ಬಾತು, ಹೆಣ್ಣು ಹಕ್ಕಿ. ಗಂಡಿಗೆ ಗ್ಯಾಂಡರ್ ಅಂತಾರೆ. ಗೂಸ್ ಅಂದರೆ ಪೆದ್ದ, ಪೆದ್ದಿ. ಗೂಸ್ ಅಂದರೆ ಟೈಲರ್ ಇಸ್ತ್ರಿಪೆಟ್ಟಿಗೆ ಕೂಡ. ಅದರ ಹಿಡಿ ಹೆಬ್ಬಾತಿನ ಕತ್ತಿನ ಹಾಗೆ ಬಾಗಿರುತ್ತೆ. ಹಕ್ಕಿ ಎರಡಾದರೆ ಗೀಸ್. ಇಸ್ತ್ರಿಪೆಟ್ಟಿಗೆ ಎರಡಾದರೆ ಗೂಸಸ್! ಡಿಕ್ಷನರಿಯಲ್ಲಿದೆ, ಯಾರು ಬೇಕಾದರೂ ನೋಡಬಹುದು.”

ಕ್ಲಾಸಿಗೆ ಹೋಗುವಾಗ ಸಿದ್ದೇಶ ಮತ್ತೆ ಕೂಗಿದ, “ಏ ಗೂಸ್!”

ಅಮೃತ ಸೊಂಟದ ಮೇಲೆ ಕೈಯಿಟ್ಟು ತಿರುಗಿದಳು. “ಯಾವ್ ಗೂಸ್ಲಾ? ಹೆಬ್ಬಾತಾ, ಇಸ್ತ್ರಿಪೆಟ್ಟಿಗೆನಾ? ಸರ್ಯಾಗ್ ಯೋಳು!”

ಸಿದ್ದೇಶನ ಪಕ್ಕದವರೇ ನಕ್ಕರು.

ವರಾಂಡದಲ್ಲಿ ಮೋಹಿನಿ ಮಿಸ್ ಅವಳನ್ನು ತಡೆದರು. “ಅವತ್ತು ನಾನು ಮುದ್ದಿಗೆ ಅಂದಿದ್ದು ಕಣಮ್ಮ.”

“ಗೊತ್ತು ಮಿಸ್. ಆದ್ರೆ ಅವ್ರಿಗೆಲ್ಲ ಪೆದ್ದಿ ಅನ್ನೋದಷ್ಟೇ ಕೇಳುಸ್ತು.”

ಮಿಸ್ ಕಿವಿಯ ತುದಿ ಕೆಂಪಾಯಿತು.

ತಪ್ಪು ಉತ್ತರ ಹೇಳಿ ನಿಂತವರ ಮುಖ ಹೇಗಿರುತ್ತದೆಂದು ಅಮೃತಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ನಗಲಿಲ್ಲ. ಮಿಸ್ ಜೊತೆಗೇ ಮೆಲ್ಲಗೆ ಕ್ಲಾಸಿನ ಕಡೆ ಹೆಜ್ಜೆ ಹಾಕಿದಳು.