ಕುರಿಮರಿಯ ಮುಗಿಲಂಗಿ

“ಹಿಡೀಲೇ ರೇವಣ್ಣಾ! ಅದರ ಕಾಲು ಹಿಡಿ!”

“ಕಾಲು ಹಿಡದ್ರ ಒದೀತೈತಿ!”

“ಒದ್ರ ಒದಿಸ್ಕೋ! ಅಂಗಿ ಬಿಚ್ಚು ಮೊದಲ!”

ಶಮಾ ಮತ್ತು ರೇವಣ್ಣ ಕುರಿಹಟ್ಟಿಯ ತುಂಬ ಓಡಾಡುತ್ತಿದ್ದರು. ಅವರ ಮುಂದೆ ಕುರಿಮರಿಗಳು ಓಡುತ್ತಿದ್ದವು. ಒಂದೊಂದು ಮರಿಯ ಮೈಮೇಲೂ ಥಳಥಳ ಹೊಳೆಯುವ ಕಿತ್ತಳೆ ಬಣ್ಣದ ಅಂಗಿ! ಮರಿಗಳಿಗೋ, ಇದು ಯಾವುದೋ ಹೊಸ ಆಟ ಅನ್ನಿಸಿತ್ತು. ಒಂದಂತೂ ಹಿಂದಿನಿಂದ ಬಂದು ಶಮಾಳ ಫ್ರಾಕ್ ಜಗ್ಗಿ ಓಡಿಹೋಯಿತು. ಬೇರೆ ದಿನವಾಗಿದ್ದರೆ ಶಮಾ ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ಅವಳಿಗೆ ನಗುವಷ್ಟು ಪುರುಸೊತ್ತೂ ಇರಲಿಲ್ಲ.

ಅಂಥಾದ್ದೇನಾಯಿತು ಅಂತೀರಾ? ಹೇಳ್ತೀನಿ, ಕೇಳಿ.

ಮೊನ್ನೆ ರೇವಣ್ಣನ ಅಪ್ಪ ಅಮೋಗಸಿದ್ದನಿಗೆ ಕುರಿ ಮೇಯಿಸುವಾಗ ಜಾಲಿಕಂಟಿಯ ಮೇಲೆ ದೊಡ್ಡದೊಂದು ಕಿತ್ತಳೆ ಅರಿವಿ, ಅಂದರೆ ಬಟ್ಟೆ, ಸಿಕ್ಕಿತ್ತು. ಯಾರದೋ ಮದುವೆಯ ಪೆಂಡಾಲ್ ಗಾಳಿಗೆ ಹಾರಿ ಬಂದಿರಬೇಕು ಅಂದುಕೊಂಡ. ಅದನ್ನು ಗಂಟು ಕಟ್ಟಿಕೊಂಡು ಸೀದಾ ಶಮಾಳ ಅಮ್ಮಿಯ ಹತ್ತಿರ ಬಂದ. ಶಮಾಳ ಅಮ್ಮಿ ಸೈರಾಬಾನು ಅವರ ಊರು ಬೆಳುಂಕಿಯ ಟೇಲರ್.

“ಅಕ್ಕಾ, ಥಂಡಿ ಭಾಳ ಬಿದ್ದೈತಿ. ನಮ್ಮ ಮರಿಗೋಳಿಗೆ ಒಂದೊಂದು ಅಂಗಿ ಹೊಲದು ಕೊಡ್ರಿ” ಅಂದ.

ಅಮ್ಮಿ ಕರಕರ ಕತ್ತರಿ ಆಡಿಸಿದಳು. ಮರಿಗಳ ಅಳತೆ ತೆಗೆದುಕೊಂಡವಳು ಸ್ವತಃ ಶಮಾ. ಅಂಗಿ ಹಾಕಿಕೊಂಡ ಮರಿಗಳನ್ನು ನೋಡಿ ಅಮೋಗಸಿದ್ದ ಹಿಗ್ಗಿದ್ದ.

ಆದರೆ ಇವತ್ತು ಮುಂಜಾನೆ ಶಮಾ, ರೇವಣ್ಣ ಕಲಿಯುವ ಸಾಲಿಗೆ ಹೈದರಾಬಾದಿನಿಂದ ಒಬ್ಬ ವಿಜ್ಞಾನಿ ಮ್ಯಾಡಮ್ ಬಂದರು. ಅವರ ಹೆಸರು ವಿದ್ಯಾವತಿ. ಮೂಲ ವಿಜಯಪುರದವರು, ಹಾಗಾಗಿ ಮಾತು ಹೆಚ್ಚುಕಡಿಮೆ ಈ ಹುಡುಗರ ಮಾತಿನ ಹಾಗೇ ಇತ್ತು.

“ನಾವು ಒಂದು ಬಲೂನ್ ಹಾರಿಸಿದ್ವಿ. ನಿಮ್ಮ ಸಾಲಿಗಿಂತ ದೊಡ್ಡ ಬಲೂನ್! ಅದು ವಿಮಾನಕ್ಕಿಂತ ಭಾಳ ಮ್ಯಾಲೆ ಹೋತು. ಅಲ್ಲಿ ಹಾಡಹಗಲೇ ಮುಗಿಲು ಕಪ್ಪಗಿರ್ತದ” ಅಂದರು.

ಹುಡುಗರೆಲ್ಲ ಬಾಯಿ ತೆರೆದುಕೊಂಡು ಕೂತರು. ಶಮಾ ತನಗೇ ಗೊತ್ತಿಲ್ಲದೆ ಎದ್ದು ನಿಂತಿದ್ದಳು.

“ಬಲೂನಿಗೆ ಒಂದು ಪೆಟಿಗಿ ಕಟ್ಟಿದ್ವಿ. ಬಾಹ್ಯಾಕಾಶದಿಂದ ಬರೂ ಕಿರಣಗಳನ್ನ ಅದು ಗುರುತು ಹಿಡೀತದ. ಕೆಲಸ ಮುಗಿಸಿ ಪ್ಯಾರಾಶೂಟ್ ಬಿಚ್ಚಿಕೊಂಡು ಕೆಳಗ ಇಳೀತು. ಆದ್ರ ಸಿಗ್ನಲ್ ಬಂದ್ ಆತು. ಡಫಳಾಪುರ, ಶೇಗಾಂವ, ಸುತ್ತಿನ ಊರೆಲ್ಲಾ ಹುಡುಕಿದ್ವಿ. ಕಿತ್ತಳಿ ಬಣ್ಣದ ಪ್ಯಾರಾಶೂಟ್ ಯಾರರ ನೋಡೀರೇನು?”

ಶಮಾ ಗಪ್ಪನೆ ಕೂತಳು. ರೇವಣ್ಣ ಬೆಂಚಿನ ಕೆಳಗೆ ಬಗ್ಗಿ ಪೆನ್ಸಿಲ್ ಹುಡುಕತೊಡಗಿದ. ಪೆನ್ಸಿಲ್ ಅವನ ಕಿವಿಯ ಮೇಲೇ ಇತ್ತು.

ಸಾಲಿ ಬಿಟ್ಟ ಮೇಲೆ ದಾರಿಯ ತುಂಬ ಜಗಳ.

“ಸರಕಾರದ ಅರಿವಿಗೆ ನಿಮ್ಮ ಅಮ್ಮಿ ಕತ್ತರಿ ಹಾಕ್ಯಾಳ!”

“ತಂದು ಕೊಟ್ಟವರು ಯಾರಲೇ? ನಿಮ್ಮ ಅಪ್ಪ!”

“ಪೊಲೀಸರು ಬಂದು ನಿಮ್ಮ ಮಷಿನ್ ಒಯ್ತಾರ ನೋಡು!”

ಮಷಿನ್! ಅಮ್ಮಿಯ ಹೊಲಿಗೆ ಮಷಿನ್ ಹೋದರೆ ಮನೆಯಲ್ಲಿ ಒಲೆ ಉರಿಯುವುದು ಹೇಗೆ? ಶಮಾ ಪುಸ್ತಕದ ದಪ್ತರ ಹೆಗಲಿಗೇರಿಸಿ ಕುರಿಹಟ್ಟಿಯ ಕಡೆ ಓಟ ಕಿತ್ತಳು. ರೇವಣ್ಣ ಅವಳ ಬೆನ್ನು ಹತ್ತಿದ.

ಅಂತೂ ಇಂತೂ ಎಲ್ಲ ಮರಿಗಳ ಅಂಗಿ ಬಿಚ್ಚಿದ್ದಾಯಿತು. ಅಂಗಿಗಳನ್ನೆಲ್ಲ ಕಂಬಳಿಯ ಕೆಳಗೆ ತುರುಕಿ ಇಬ್ಬರೂ ಅದರ ಮೇಲೆ ಕೂತರು. ಕೂತು ಉಸಿರು ಬಿಡುವಷ್ಟರಲ್ಲಿ ಧೂಳೆಬ್ಬಿಸಿಕೊಂಡು ಜೀಪ್ ಬಂತು.

ವಿದ್ಯಾವತಿ ಮ್ಯಾಡಮ್ ಇಳಿದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಓಢಣಿಯ ತುಂಬ ಮುಳ್ಳು. “ಸ್ವಲ್ಪ ನೀರು ಕೊಡ್ತೀರೇನು?” ಅಂದರು. ರೇವಣ್ಣ ಚರಿಗಿಯಲ್ಲಿ ನೀರು ತಂದುಕೊಟ್ಟು ಮತ್ತೆ ಬಂದು ಕಂಬಳಿಯ ಮೇಲೆ ಕೂತ.

“ನೀವೇನರ ನೋಡೀರೇನು?”

“ಇಲ್ರಿ! ನಾವು ಏನೂ ನೋಡಿಲ್ರಿ! ಈ ಕಂಬಳಿ ಕೆಳಗ ಏನೂ ಇಲ್ರಿ!” ಅಂದ ರೇವಣ್ಣ. ಕೇಳಿದ್ದಕ್ಕಿಂತ ಹೆಚ್ಚು ಹೇಳುವುದರಲ್ಲಿ ಅವನು ಶಾಣ್ಯಾ. ಶಮಾ ಅವನ ತೊಡೆ ಚಿವುಟಿದಳು. ಪುಣ್ಯಕ್ಕೆ ಮ್ಯಾಡಮ್ಮರ ಗಮನ ಬೇರೆಲ್ಲೋ ಇತ್ತು.

“ಇವತ್ತ ಸಂಜಿಗೆ ವಾಪಸ್ ಹೊಂಟೇವಿ. ಇನ್ನೇನು ಮಾಡೂದು” ಅಂದರು ಅವರು. ನೀರು ಕುಡಿದು ಮುಗಿಲ ಕಡೆ ನೋಡಿದರು.

ಶಮಾಳಿಗೆ ಸುಮ್ಮನಿರಲು ಆಗಲಿಲ್ಲ. “ಆ ಪೆಟಿಗಿ ಮ್ಯಾಲೆ ಏನೇನು ನೋಡಿ ಬಂದೈತ್ರಿ?”

“ನನಗೂ ಗೊತ್ತಿಲ್ಲ ತಂಗಿ. ಅದೆಲ್ಲಾ ಪೆಟಿಗಿಯೊಳಗ ಅದ. ಪೆಟಿಗಿ ಸಿಗಲಿಲ್ಲಂದ್ರ ಯಾರಿಗೂ ಗೊತ್ತಾಗೂದಿಲ್ಲ.”

ಯಾರಿಗೂ ಗೊತ್ತಾಗುವುದಿಲ್ಲ! ಪಾಪ, ಆ ಪೆಟ್ಟಿಗೆ ಅಷ್ಟು ಎತ್ತರಕ್ಕೆ ಹೋಗಿ, ಕಪ್ಪು ಮುಗಿಲು ನೋಡಿ, ಹೇಳಲು ಅಂತ ತಿರುಗಿ ಬಂದಿದೆ. ಈಗ ಯಾವುದೋ ಕಂಟಿಯ ಬುಡದಲ್ಲಿ ಬಾಯಿ ಮುಚ್ಚಿಕೊಂಡು ಬಿದ್ದಿದೆ. ಶಮಾಳಿಗೆ ಅಳು ಬಂತು. ಆದರೆ ಅಮ್ಮಿಯ ಮಷಿನ್?

ಮ್ಯಾಡಮ್ ಜೀಪ್ ಹತ್ತಲು ತಿರುಗಿದರು. ಶಮಾ ಧಡಕ್ಕನೆ ಎದ್ದಳು. ಕಂಬಳಿಯ ಕೆಳಗೆ ಕೈ ಹಾಕಿ ಒಂದು ಅಂಗಿ ಎಳೆದಳು.

“ನಮ್ಮ ಅಮ್ಮಿಗೆ ಗೊತ್ತಿರಲಿಲ್ರಿ ಅಳತಿ ನಾನ ತಗೊಂಡೀನ್ರಿ ಮಷಿನ್ ಒಯ್ಯಬ್ಯಾಡ್ರಿ!” ಒಂದೇ ಉಸಿರಿನಲ್ಲಿ ಹೇಳಿದಳು.

ಮ್ಯಾಡಮ್ ಅಂಗಿಯನ್ನು ಆ ಕಡೆ ಈ ಕಡೆ ತಿರುವಿ ನೋಡಿದರು. ಕುತ್ತಿಗೆಗೆ ಗುಂಡಿ. ಕಾಲಿಗೆ ತೂತು.

“ಇದು… ಕುರಿಮರೀದಾ?”

“ಹೂಂನ್ರಿ. ಬಾಲಕ್ಕೂ ಜಾಗಾ ಬಿಟ್ಟೇವ್ರಿ.”

ಮ್ಯಾಡಮ್ಮರಿಗೆ ನಗು ತಡೆಯಲಾಗಲಿಲ್ಲ. ಹಟ್ಟಿಯ ನೆಲದ ಮೇಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟರಲ್ಲಿ ಒಂದು ಮರಿ ಬಂದು ಅಂಗಿಯ ತುದಿಯನ್ನು ಬಾಯಲ್ಲಿ ಹಿಡಿದು ಜಗ್ಗಿತು.

“ಯಾರೂ ಮಷಿನ್ ಒಯ್ಯೂದಿಲ್ಲ ತಂಗಿ. ಪ್ಯಾರಾಶೂಟಿನ ಕೆಲಸ ಮುಗದದ. ಇದು ಎಲ್ಲಿ ಸಿಕ್ತು, ಅಷ್ಟು ಹೇಳು!”

ರೇವಣ್ಣ ಅಪ್ಪನನ್ನು ಕರೆಯಲು ಓಡಿದ. ಅಮೋಗಸಿದ್ದ ಏದುಸಿರು ಬಿಡುತ್ತ ಬಂದ. “ಹಗ್ಗ ಕೊಯ್ದು ಅರಿವಿ ಅಷ್ಟ ತಂದೀನ್ರಿ. ಹಗ್ಗದ ತುದಿ ಕಂಟಿಯೊಳಗ ಹೋಗಿತ್ತು. ಆ ಮುಳ್ಳಿನ್ಯಾಗ ಕೈ ಯಾರು ಹಾಕ್ತಾರಂತ ಬಿಟ್ಟು ಬಂದೆ” ಅಂದ.

ಎಲ್ಲರೂ ಜೀಪಿನಲ್ಲಿ ಹೋದರು. ಅಮೋಗಸಿದ್ದ ಕೋಲಿನಿಂದ ಜಾಲಿಯ ಟೊಂಗೆ ಎತ್ತಿ ಹಿಡಿದ. ಒಳಗೆ ಬೆಳ್ಳಿ ಹಾಳೆ ಸುತ್ತಿದ ಪೆಟ್ಟಿಗೆ ಫಳಕ್ಕನೆ ಹೊಳೆಯಿತು.

“ಸಿಕ್ತು! ಸಿಕ್ತೂ!”

ಅಷ್ಟು ದೊಡ್ಡ ವಿಜ್ಞಾನಿ, ಕಂಟಿಯ ಸುತ್ತ ಕುಣಿದೇ ಕುಣಿದರು! ಒಂದು ಚಪ್ಪಲಿ ಎತ್ತಲೋ ಹಾರಿತು. ರೇವಣ್ಣ ಸುಮ್ಮನಿರುತ್ತಾನೆಯೇ? ಅವನೂ ಕುಣಿದ. ಶಮಾ ಮಾತ್ರ ಮೆಲ್ಲಗೆ ಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಬಿಸಿಲಿಗೆ ಬೆಚ್ಚಗಾಗಿತ್ತು.

ಜೀಪ್ ಮನೆಯ ಮುಂದೆ ನಿಂತಾಗ ಅಮ್ಮಿ ಕೊರಳಲ್ಲಿ ಟೇಪ್ ಹಾಕಿಕೊಂಡು ಹೊರಗೆ ಬಂದಳು. ಜೀಪ್ ನೋಡಿ ಗಾಬರಿಯಾದಳು. ಶಮಾ ನಡೆದದ್ದೆಲ್ಲ ಹೇಳಿದಳು. ಅಮ್ಮಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಯಾ ಅಲ್ಲಾ! ಮುಗಿಲಿಂದ ಬಂದ ಅರಿವೀನಾ? ಮೊದಲ ಗೊತ್ತಿದ್ರ ಅಂಚಿಗೆ ಝಾಲರ್ ಹಚ್ಚಿ ಹೊಲೀತಿದ್ನಲ್ರಿ!”

ಮ್ಯಾಡಮ್ ಮತ್ತೆ ನಕ್ಕರು. “ಇನ್ನೊಮ್ಮೆ ಸಿಕ್ಕರ, ಕತ್ತರಿ ಹಾಕೂ ಮೊದಲ ನನಗ ಒಂದು ಫೋನ್ ಹಚ್ರಿ ಅಕ್ಕಾರ” ಅಂದರು. ಹೈದರಾಬಾದಿನಲ್ಲಿ ಎಲ್ಲರಿಗೂ ತೋರಿಸುತ್ತೇನೆ ಅಂತ ಒಂದು ಅಂಗಿ ಕೇಳಿ ಪಡೆದರು. ಅಮ್ಮಿ ಇಸ್ತ್ರಿ ಮಾಡದೆ ಕೊಡಲಿಲ್ಲ. ಉಳಿದ ಅಂಗಿಗಳು ಮರಿಗಳಿಗೇ ಅಂತಾಯಿತು.

ಜೀಪ್ ಹೋಯಿತು. ಅಮ್ಮಿ ಒಳಗೆ ಹೋಗಲಿಲ್ಲ. ಅಂಗಳದಲ್ಲೇ ಮುಖ ಮೇಲೆತ್ತಿ ನಿಂತಳು.

“ಹಗಲೊತ್ತಿನ್ಯಾಗೂ ಕಪ್ಪಂತೇನ?”

“ಹೂಂ ಅಮ್ಮಿ.”

“ಅಲ್ಲಿಂದ ನಮ್ಮ ಬೆಳುಂಕಿ ಕಂಡಿರಬೇಕಾ?”

“ಗೊತ್ತಿಲ್ಲ ಅಮ್ಮಿ.”

“ಅದರಾಚೆ ಏನೈತಿ?”

“ಅದು ಮ್ಯಾಡಮ್ಮರಿಗೂ ಗೊತ್ತಿಲ್ಲಂತ!”

ಪಕ್ಕದ ಮನೆಯ ಚನ್ನವ್ವ ಬಂದಳು. “ಸೈರಾ, ನನ್ನ ಜಂಪರ್ ಹೊಲದಾತೇನ? ನಾಳೆ ಊರಿಗಿ ಹೋಗೂದೈತಿ.”

“ಆಗ್ತೈತಿ ತಡಿ ಚನ್ನವ್ವಾ. ನೀನೂ ಇಲ್ಲಿ ಬಂದು ನಿಂತು ನೋಡು. ಅಲ್ಲಿ ಮ್ಯಾಲೆ ಹೋದ್ರ ಹಗಲೊತ್ತಿನ್ಯಾಗೂ ಮುಗಿಲು ಕಪ್ಪಂತ!”

“ಖರೇನಾ?” ಚನ್ನವ್ವ ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಮರೆತು ಕತ್ತೆತ್ತಿದಳು.

ಶಮಾ ಮುಗಿಲು ನೋಡಲಿಲ್ಲ. ಅವರಿಬ್ಬರ ಮುಖ ನೋಡಿದಳು. ಇಬ್ಬರೂ ಬಾಯಿ ತೆರೆದುಕೊಂಡು, ಅವಳ ವರ್ಗದ ಹುಡುಗಿಯರ ಹಾಗೇ ಕಾಣುತ್ತಿದ್ದರು. ಅಮ್ಮಿಯೂ ಒಂದು ಕಾಲಕ್ಕೆ ತನ್ನಂತೆ ಹತ್ತು ವರ್ಷದವಳಿದ್ದಳು ಅನ್ನುವುದು ಶಮಾಳಿಗೆ ಇವತ್ತೇ ಹೊಳೆದದ್ದು. ಅವಳು ಇಬ್ಬರ ನಡುವೆ ತೂರಿಕೊಂಡು, ಅಮ್ಮಿಯ ಕೈ ಹಿಡಿದು, ತಾನೂ ಮೇಲೆ ನೋಡಿದಳು.