ಕೋಡಿ ಎತ್ತರಿಸಿದ ಕೆರೆ

ಅಮೃತಾಳ ಮೇಲೆ ಆಳುದ್ದ ನೀರು ನಿಂತಿತ್ತು. ಊರಿನವರು ಅದೇ ನೀರನ್ನು ನೋಡಲು ಸಂಜೆ ಹೊತ್ತು ಕೆರೆಯ ಒಡ್ಡಿನ ಮೇಲೆ ಬಂದು ನಿಲ್ಲುತ್ತಿದ್ದರು. ಇಷ್ಟು ನೀರನ್ನು ತಮ್ಮ ಅಜ್ಜಂದಿರೂ ಕಂಡಿರಲಿಕ್ಕಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. ರೇವವ್ವನೂ ಅವರ ನಡುವೆ ನಿಲ್ಲುತ್ತಿದ್ದಳು. ಅವಳ ಕಣ್ಣು ಮಾತ್ರ ಕೆರೆಯ ಆಚೆ ತುದಿಯಲ್ಲಿ ಅರ್ಧ ಮುಳುಗಿದ ಜಾಲಿ ಗಿಡದ ಮೇಲೆ ಇರುತ್ತಿತ್ತು. ಆ ಗಿಡದಿಂದ ಒಂದು ಮಾರು ಈಚೆಗೆ ಅವಳ ಮಗಳನ್ನು ಮಣ್ಣು ಮಾಡಿದ್ದರು.

ಅದಾಗಿ ಎರಡು ಮಳೆಗಾಲ ಕಳೆದಿದ್ದವು. ಜ್ವರ ಬಂದ ಮಗುವನ್ನು ಹುಬ್ಬಳ್ಳಿಗೆ ಒಯ್ಯುವ ಹಾದಿಯಲ್ಲೇ ಎಲ್ಲ ಮುಗಿದಿತ್ತು. ತಮ್ಮದೇ ಮೇಲಿನ ಹೊಲದ ಅಂಚಿನಲ್ಲಿ ಕುಣಿ ತೋಡಿ, ವಿಭೂತಿ ಬಿಲ್ವಪತ್ರೆಯ ಜೊತೆ ಕೂರಿಸಿ, ಮೇಲೊಂದು ಕಲ್ಲು ನೆಟ್ಟಿದ್ದರು. ಪ್ರತಿ ಸೋಮವಾರ ರೇವವ್ವ ಅಲ್ಲಿ ಹೋಗಿ ಕೂತು, ಮಗಳ ಹತ್ತಿರ ಮನೆಯ ಸುದ್ದಿ ಹೇಳಿ ಬರುತ್ತಿದ್ದಳು. ಆಕಳು ಕರು ಹಾಕಿದ್ದು, ಮಲ್ಲಕ್ಕನ ಮನೆಯ ಬೆಕ್ಕು ಹಾಲು ಕುಡಿದದ್ದು, ಇಂಥವು. ಅಮೃತಾ ನೀರಿಗೆ ಹೆದರುವ ಹುಡುಗಿ. ತಲೆಗೆ ಎರೆಯುವ ದಿನ ಅವ್ವನ ಸೊಂಟ ತಬ್ಬಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಅದೊಂದು ನೆನಪು ಈಗ ರೇವವ್ವನನ್ನು ಮಲಗಲು ಬಿಡುತ್ತಿರಲಿಲ್ಲ.

ಕೆರೆಯ ಕೆಲಸ ನಡೆದದ್ದು ಈ ಬೇಸಿಗೆಯಲ್ಲಿ. ಕಲಘಟಗಿ ಸೀಮೆಯ ಮಳೆ ಮೊದಲಿನ ಹಾಗೆ ಉಳಿದಿರಲಿಲ್ಲ. ಮೊದಲು ವಾರಗಟ್ಟಲೆ ಹಿಡಿದು ಸುರಿಯುತ್ತಿದ್ದ ಜಿಟಿಜಿಟಿ ಮಳೆ ಈಗ ಒಂದೇ ದಿನಕ್ಕೆ ಬಂದು ಬಡಿದು ಹಳ್ಳದ ಪಾಲಾಗುತ್ತಿತ್ತು. ಆಮೇಲೆ ಮೋಡ ಮುಖ ತೋರಿಸುತ್ತಿರಲಿಲ್ಲ. ಕೂರಿಗೆಯಲ್ಲಿ ಬಿತ್ತಿದ ಭತ್ತ ತೆನೆ ಕಟ್ಟುವ ಹೊತ್ತಿಗೆ ಸೊರಗುತ್ತಿತ್ತು. ಯಾರನ್ನೋ ಕಾಯುತ್ತ ಕೂತರೆ ಆಗದು, ಬಂದ ಮಳೆಯನ್ನೇ ಹಿಡಿದಿಡೋಣ ಎಂದು ಊರು ತೀರ್ಮಾನಿಸಿತು. ತಮ್ಮ ತಮ್ಮ ಟ್ರ್ಯಾಕ್ಟರಿನಲ್ಲಿ ಹೂಳು ಹೇರಿ ಹೊಲಕ್ಕೆ ಒಯ್ದರು, ಒಡ್ಡಿಗೆ ಹೊಸ ಮಣ್ಣು ಹಾಕಿದರು, ಹೆಚ್ಚಿನ ನೀರು ಹರಿದುಹೋಗುವ ಕೋಡಿಯನ್ನು ಆಳುದ್ದ ಎತ್ತರಿಸಿದರು. ಕೋಡಿ ಎತ್ತರಿಸಿದರೆ ಹಿನ್ನೀರು ರೇವವ್ವನ ಗಂಡ ಹೊಳೆಪ್ಪನ ಮೇಲಿನ ಹೊಲಕ್ಕೆ ನುಗ್ಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೆರೆ ಸಮಿತಿಯ ಹಿರಿಯ ಹನಮಂತಪ್ಪ ಬಂದು ಕೇಳಿದಾಗ ಹೊಳೆಪ್ಪ ಬಹಳ ಯೋಚಿಸದೆ ಒಪ್ಪಿದ್ದ. ಊರವರು ಅವನಿಗೆ ಹಾರ ಹಾಕಿದ್ದರು.

ರೇವವ್ವನನ್ನು ಯಾರೂ ಕೇಳಲಿಲ್ಲ. ಅವಳು ಅಳ್ನಾವರದ ತವರಿನಲ್ಲಿ, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ತಾಯಿಯ ಆರೈಕೆಯಲ್ಲಿ ಇದ್ದಳು. ಮಳೆ ಹಿಡಿದ ಮೇಲೆ ತಿರುಗಿ ಬಂದವಳು, ಕೈಯಲ್ಲಿನ ಚೀಲವನ್ನೂ ಇಳಿಸದೆ ಮೇಲಿನ ಹೊಲದ ಹಾದಿ ಹಿಡಿದಳು. ಹಾದಿ ನೀರಿನಲ್ಲಿ ಮುಗಿಯಿತು. ಹಿಂದಿನಿಂದ ಬಂದ ಹೊಳೆಪ್ಪ ಒಂದಿಷ್ಟು ದೂರದಲ್ಲಿ ನಿಂತ.

"ರೇವಾ, ನಿನಗೊಂದ ಮಾತ ಹೇಳೂದೈತಿ," ಅಂದ.

"ಹೇಳೂದೆಲ್ಲಾ ಊರಿಗೆ ಹೇಳೀರಿ. ಇನ್ನ ನನಗೇನೂ ಹೇಳಬ್ಯಾಡ್ರಿ."

ಅಂದಿನಿಂದ ಅವಳು ಗಂಡನ ಜೊತೆ ಊಟಕ್ಕೂ ದನಕ್ಕೂ ಬೇಕಾದಷ್ಟೇ ಮಾತಾಡಿದಳು. ಅವನು ಮಾತಿಗೆ ಬಂದರೆ ಎದ್ದು ಹಿತ್ತಲಿಗೆ ಹೋದಳು. ಅವನೂ ಮೊದಲೇ ಮಾತು ಕಮ್ಮಿಯ ಮನುಷ್ಯ, ಎರಡು ಮೂರು ಸಲ ಪ್ರಯತ್ನಿಸಿ ಸುಮ್ಮನಾದ. ಓಣಿಯ ಹೆಂಗಸರು ಅವಳನ್ನು ಸಮಾಧಾನ ಮಾಡಿದರು. ಬೇಸಿಗೆಗೆ ನೀರು ಇಳಿಯುತ್ತದೆ, ಆಗ ಹೋಗಿ ನೋಡಿ ಬರುವೆಯಂತೆ ಎಂದಳು ಮಲ್ಲಕ್ಕ. ಅವಳಿಗೆ ಒಳ್ಳೆಯ ಮನಸ್ಸೇ ಇತ್ತು. ಮಗಳನ್ನು ನೋಡಲು ಬೇಸಿಗೆ ಕಾಯಬೇಕಾದ ತಾಯಿ ಲೋಕದಲ್ಲಿ ಬೇರೆ ಯಾರಿದ್ದಾರೆ ಎಂದು ರೇವವ್ವ ಕೇಳಲಿಲ್ಲ. ಆ ದಿನವೇ ಅವಳ ತಲೆಯಲ್ಲಿ ಒಂದು ವಿಚಾರ ಹುಟ್ಟಿ, ತಣ್ಣಗೆ ಬೆಳೆಯತೊಡಗಿತು.

ಕೆರೆ ಒಡೆಯಬೇಕು. ಯಾರೋ ಒಡೆದರು ಎಂದು ಅನಿಸಬಾರದು.

ಅವಳು ಎಲ್ಲವನ್ನೂ ತೂಗಿ ನೋಡಿದಳು. ಈಗಿನ್ನೂ ಆಷಾಢ, ಮುಂದೆ ಬೇಕಾದಷ್ಟು ಮಳೆ ಬರುವುದಿದೆ. ಒಡ್ಡು ಈಗ ಕಿತ್ತರೆ ಊರವರು ಹದಿನೈದು ದಿನದಲ್ಲಿ ಮುಚ್ಚಿಕೊಳ್ಳುತ್ತಾರೆ, ಕೆರೆ ಮತ್ತೆ ತುಂಬುತ್ತದೆ. ಆದರೆ ಒಮ್ಮೆ ಹೆದರಿದವರು ಕೋಡಿಯನ್ನು ಮತ್ತೆ ಅಷ್ಟು ಎತ್ತರಕ್ಕೆ ಏರಿಸುವುದಿಲ್ಲ. ಊರಿಗೆ ನೀರೂ ಉಳಿಯುತ್ತದೆ, ಅಮೃತಾಳಿಗೆ ನೆಲವೂ ಸಿಗುತ್ತದೆ. ಇದರಲ್ಲಿ ಯಾರಿಗೂ ದೊಡ್ಡ ಅನ್ಯಾಯ ಅವಳಿಗೆ ಕಾಣಲಿಲ್ಲ.

ಎಲ್ಲಿ ಒಡೆಯಬೇಕು ಎನ್ನುವುದನ್ನೂ ಅವಳು ಅಷ್ಟೇ ಎಚ್ಚರದಿಂದ ಆರಿಸಿದಳು. ತೂಬಿನ ಹತ್ತಿರ ಕಿತ್ತರೆ ನೀರು ಬಡವರ ಗದ್ದೆಗಳ ಮೇಲೆ ಹೋಗುತ್ತಿತ್ತು. ನಡುವೆ ಕಿತ್ತರೆ ದಾರಿಯ ಕಡೆಗೆ, ಮನೆಗಳ ಕಡೆಗೆ. ಪಡುವಣ ಮೂಲೆಯ ಕೆಳಗೆ ಮಾತ್ರ ಇದ್ದದ್ದು ಅವಳದೇ ಗಂಡನ ಕೆಳಗಿನ ಹೊಲ. ಅದನ್ನು ದಾಟಿದರೆ ಹಳ್ಳ. ಅಲ್ಲಿ ಬಿಟ್ಟ ನೀರು ಇನ್ನೊಬ್ಬರ ಒಂದು ಪೈರನ್ನೂ ಮುಟ್ಟದೆ ಹಳ್ಳ ಸೇರುತ್ತಿತ್ತು. ತಮ್ಮ ಪೈರು ಹೋದರೆ ಹೋಗಲಿ. ಮಗಳನ್ನು ನೀರಿಗೆ ಕೊಟ್ಟು ಹಾರ ಹಾಕಿಸಿಕೊಂಡವನಿಗೆ ಅಷ್ಟು ಶಿಕ್ಷೆಯಾದರೂ ಇರಬೇಕು ಎಂದುಕೊಂಡಳು.

ಒಡ್ಡಿನ ಮೇಲ್ವಿಚಾರಣೆಗೆ ಹೆಂಗಸರ ಪಾಳಿ ಇತ್ತು. ಹೊಸ ಮಣ್ಣಿನಲ್ಲಿ ಏಡಿಗಳು ತೂತು ಮಾಡುತ್ತವೆ, ಹುಡುಕಿ ಜಿಗುಟು ಮಣ್ಣಿನಿಂದ ಮುಚ್ಚಬೇಕು. ರೇವವ್ವ ತಾನಾಗಿಯೇ ಪಾಳಿಗೆ ಸೇರಿದಳು. ಆಮೇಲೆ ಸಮಿತಿಯ ಸಭೆಯಲ್ಲಿ, ಎಲ್ಲರೂ ಕೂತಿದ್ದಾಗ, ಎದ್ದು ನಿಂತಳು.

"ಪಡುವಣ ಮೂಲ್ಯಾಗ ಏಡಿ ಭಾಳ ಆಗ್ಯಾವ್ರಿ. ಹೊಸಾ ಮಣ್ಣು ಇನ್ನೂ ಕೂತಿಲ್ಲ. ಒಂದಿಟು ಲಕ್ಷ್ಯ ಇಡ್ರಿ."

ನಾಳೆ ಏನಾದರೂ ಆದರೆ ಊರು ಈ ಮಾತನ್ನು ನೆನೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎಚ್ಚರಿಕೆ ಕೊಟ್ಟವಳ ಮೇಲೆ ಯಾರೂ ಸಂಶಯ ಪಡುವುದಿಲ್ಲ. ಹನಮಂತಪ್ಪ ಅವಳನ್ನು ಹೊಗಳಿದ. ಹೊಲ ಮುಳುಗಿದರೂ ಊರಿನ ಕೆರೆಯ ಮೇಲೆ ಇಷ್ಟು ಕಾಳಜಿ ಇದೆ ನೋಡಿರಿ ಎಂದ. ಆ ಮೂಲೆಯ ಜವಾಬ್ದಾರಿಯನ್ನು ಅವಳಿಗೇ ವಹಿಸಿದ.

ಮುಂದಿನದು ಸಲೀಸಾಗಿತ್ತು. ಪಾಳಿಯ ದಿನ ಅವಳು ಏಡಿಯ ತೂತುಗಳನ್ನು ಹುಲ್ಲು ತುರುಕಿ ಮುಚ್ಚಿದಳು, ಮೇಲೊಂದು ತೆಳು ಮಣ್ಣಿನ ಪದರ ಬಳಿದಳು. ನೋಡುವವರಿಗೆ ಅಚ್ಚುಕಟ್ಟಾದ ಕೆಲಸ. ಅವುಗಳಲ್ಲಿ ಎಲ್ಲಕ್ಕೂ ಕೆಳಗಿನದನ್ನು ಹಾರೆಯಿಂದ ದಿನಕ್ಕಿಷ್ಟು ಒಳಕ್ಕೆ ಕೊರೆಯುತ್ತ ಹೋದಳು. ಕಿತ್ತ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು, ಒಡ್ಡಿನ ಮೇಲಿನ ತಗ್ಗಿಗೆ ಹಾಕಿ ತುಳಿದಳು. ಕೆರೆ ಕಾಯುವ ಮುದುಕ, ನೀರಗಂಟಿ ಬುಡನಸಾಬ ಅದನ್ನು ಕಂಡು, ತಂಗಿ ಭಾಳ ದುಡೀತಾಳ ಎಂದು ತನ್ನ ಚಹಾದಲ್ಲಿ ಅರ್ಧ ಕೊಟ್ಟ. ಅವಳು ಕುಡಿದಳು. ಲೋಟ ತೊಳೆದು ಕೊಟ್ಟು, ಮತ್ತೆ ಬುಟ್ಟಿ ಎತ್ತಿಕೊಂಡಳು.

ಬುಡನಸಾಬ ಹಗಲೆಲ್ಲ ಒಡ್ಡಿನ ಮೇಲೇ ಇರುವವನು. ಶುಕ್ರವಾರ ಮಧ್ಯಾಹ್ನ ಮಾತ್ರ ನಮಾಜಿಗೆ ಹೋಗುತ್ತಿದ್ದ. ಅವಳು ಒಳ್ಳೆಯ ಮಳೆಯ ಶುಕ್ರವಾರಕ್ಕಾಗಿ ಕಾದಳು. ಅದು ಬಂದ ದಿನ ಬೆಳಿಗ್ಗೆ, ಮನೆಯಲ್ಲಿ ಗೊಬ್ಬರ ತೀರಿದೆ ಎಂದು ಹೇಳಿ ಗಂಡನನ್ನು ಕಲಘಟಗಿಗೆ ಕಳಿಸಿದಳು. ಗೊಬ್ಬರ ತೀರಿರಲಿಲ್ಲ. ನೀರು ನುಗ್ಗುವ ಹೊತ್ತಿಗೆ ಅವನು ಕೆಳಗಿನ ಹೊಲದಲ್ಲಿ ಇರಬಾರದಾಗಿತ್ತು. ಅವನ ಜೀವದ ಮೇಲೆ ತನಗಿನ್ನೂ ಇಷ್ಟು ಕಾಳಜಿ ಇರುವುದು ಕಂಡು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅವನು ಕೊಡೆ ಹಿಡಿದು ಬಸ್ಸಿಗೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದಳು.

ಮಧ್ಯಾಹ್ನ ಒಡ್ಡಿನ ಮೇಲೆ ಯಾರೂ ಇರಲಿಲ್ಲ. ಮಳೆ ಅಡ್ಡಡ್ಡ ಬೀಸುತ್ತಿತ್ತು. ಅವಳು ಹೊಲಕ್ಕೆ ಇಳಿಯದೆ, ಒಡ್ಡಿನ ಹೊರ ಇಳಿಜಾರಿನಲ್ಲೇ ನಿಂತು ತೂತಿಗೆ ಹಾರೆ ಇಟ್ಟು, ಕೊನೆಯ ಗೇಣು ಮಣ್ಣನ್ನು ತಳ್ಳಿದಳು. ಮೊದಲು ಹಾರೆಯ ತುದಿ ತಣ್ಣಗಾಯಿತು. ಆಮೇಲೆ ಹೆಬ್ಬೆರಳಿನಷ್ಟು ನೀರು, ಕೆಂಪಗೆ, ಹೊರಗೆ ಬಂತು. ಅವಳು ಒಂದು ಬದಿಗೆ ಸರಿದು ನಿಂತಳು. ನೀರು ತೂತಿನ ಬಾಯಿಯನ್ನು ತಾನೇ ಅಗಲ ಮಾಡಿಕೊಳ್ಳುವುದನ್ನು ನೋಡಿ, ಇನ್ನು ತನ್ನ ಕೆಲಸ ಇಲ್ಲ ಎಂದು ತಿಳಿದು ಮನೆಗೆ ನಡೆದಳು. ಹಾರೆ ತೊಳೆದು ಗೋಡೆಗೆ ಒರಗಿಸಿ, ರೊಟ್ಟಿಗೆ ಹಿಟ್ಟು ನಾದಲು ಕೂತಳು.

ಕೂಗು ಕೇಳಿದಾಗ ಎಲ್ಲರ ಜೊತೆ ಅವಳೂ ಓಡಿದಳು. ಪಡುವಣ ಮೂಲೆ ಪೂರ್ತಿ ಕಿತ್ತುಹೋಗಿ, ಬಂಡಿ ಅಗಲದ ನೀರು ಗುಡುಗುತ್ತ ಕೆಳಗಿನ ಹೊಲಕ್ಕೆ ಬೀಳುತ್ತಿತ್ತು. ಯಾರೂ ಹತ್ತಿರ ಹೋಗುವಂತಿರಲಿಲ್ಲ. ತಿಂಗಳುಗಟ್ಟಲೆ ದುಡಿದ ಗಂಡಸರು ಕೈಕಟ್ಟಿ ನಿಂತು ನೋಡಿದರು. ಅವಳು ಎಣಿಸಿದಂತೆಯೇ ಆಯಿತು. ಏಡಿ ಎಂದರು, ರೇವವ್ವ ಅವತ್ತೇ ಹೇಳಿದ್ದಳು ಎಂದರು, ನಮ್ಮೆಲ್ಲರ ತಪ್ಪು ಎಂದರು. ನೀರು ಒಬ್ಬರ ಗದ್ದೆಗೂ ಹೋಗಲಿಲ್ಲ. ಒಂದು ಕುರಿಮರಿಯೂ ಸಾಯಲಿಲ್ಲ.

ಅವಳು ಎಣಿಸದೇ ಇದ್ದದ್ದು ಬುಡನಸಾಬನನ್ನು. ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಹನಮಂತಪ್ಪನ ಕಾಲ ಬಳಿ ಇಟ್ಟ.

"ತಪ್ಪು ನಂದರೀ. ನಾ ಇಲ್ಲಿರಬೇಕಾಗಿತ್ತು."

ಹನಮಂತಪ್ಪ ವಸ್ತ್ರವನ್ನು ಎತ್ತಿ ಅವನ ಹೆಗಲಿಗೇ ಹಾಕಿದ. ನೀನಿದ್ದರೂ ಏನು ಮಾಡಲಾಗುತ್ತಿತ್ತು ಎಂದು ಸಮಾಧಾನ ಮಾಡಿದ. ಮುದುಕ ಮಾತ್ರ ಮಳೆಯಲ್ಲಿ ಅಳುತ್ತಲೇ ನಿಂತ. ರೇವವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಅವಳೂ ಅಳುತ್ತಿದ್ದಾಳೆ ಎಂದು ಹೆಂಗಸರು ಬೆನ್ನು ಸವರಿದರು.

ಹೊಳೆಪ್ಪ ಸಂಜೆಯ ಬಸ್ಸಿಗೆ ಬಂದವನು ಸುದ್ದಿ ಕೇಳಿ ಮನೆಗೆ ಬರಲಿಲ್ಲ. ನೇರ ಒಡ್ಡಿನ ಕಡೆಗೆ ಹೋದನಂತೆ. ನಸುಕಿನವರೆಗೂ ಬರಲಿಲ್ಲ. ಪೈರು ಹೋದ ದುಃಖ ಎಂದುಕೊಂಡಳು. ಇರಲಿ, ಅವನೂ ಒಂದು ದಿನ ಏನನ್ನಾದರೂ ಕಳೆದುಕೊಂಡು ನೋಡಲಿ.

ಬೆಳಗಾದ ಕೂಡಲೇ ಅವಳು ಮೇಲಿನ ಹೊಲಕ್ಕೆ ಹೋದಳು. ಮಳೆ ನಿಂತಿತ್ತು. ನೀರು ಇಳಿದು, ಮೊಣಕಾಲುದ್ದದ ಕೆಸರು ಉಳಿದಿತ್ತು. ಜಾಲಿ ಗಿಡದಿಂದ ಒಂದು ಮಾರು ಅಳೆದು ನಿಂತಳು. ನೆಟ್ಟ ಕಲ್ಲು ಇರಲಿಲ್ಲ. ನೀರು ಎಳೆದುಕೊಂಡು ಹೋಗಿರಬೇಕು, ಬೇರೆ ತಂದು ನೆಟ್ಟರಾಯಿತು. ಅವಳು ಕೆಸರಿನಲ್ಲೇ ಕೂತಳು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಬೆಲ್ಲದ ಚೂರನ್ನು ಮಣ್ಣಿಗೆ ಒತ್ತಿ ಇಟ್ಟಳು.

"ಹೆದರಬ್ಯಾಡವಾ. ನೀರ ಹೋತು ನೋಡು," ಎಂದಳು.

ಆಮೇಲೆ ಬೇಸಿಗೆಯಿಂದ ಕೂಡಿಟ್ಟ ಸುದ್ದಿಯನ್ನೆಲ್ಲ ಹೇಳಿದಳು. ಅಜ್ಜಿ ಈಗ ಕೋಲು ಹಿಡಿದು ನಡೆಯುವುದು, ಕರುವಿಗೆ ಕೋಡು ಮೂಡಿದ್ದು. ಬುಡನಸಾಬನ ಸುದ್ದಿ ಮಾತ್ರ ಹೇಳಲಿಲ್ಲ. ಏಳುವಾಗ ಎದೆ ಹಗುರಾಗಿತ್ತು. ಎಷ್ಟು ಹಗುರಾಗಿತ್ತೆಂದರೆ, ಗಂಡನ ಮೇಲೆಯೂ ಅವಳಿಗೆ ಕನಿಕರ ಬಂತು. ಲೆಕ್ಕ ಸಮವಾಯಿತು, ಇನ್ನು ಮಾತಾಡಬಹುದು ಅನಿಸಿತು.

ಅವಳು ಒಡ್ಡನ್ನು ಬಳಸಿ ಕೆಳಗಿನ ಹೊಲಕ್ಕೆ ಇಳಿದಳು. ತವರಿನಿಂದ ಬಂದ ಮೇಲೆ ಅಲ್ಲಿ ಅವಳು ಕಾಲಿಟ್ಟದ್ದು ಅದೇ ಮೊದಲು. ನೀರು ಬಿದ್ದ ಕಡೆ ಹೊಲವೇ ಇರಲಿಲ್ಲ, ಕಲ್ಲು ಎದ್ದ ಆಳವಾದ ಕೊರಕಲು ಹಳ್ಳದವರೆಗೂ ಹೋಗಿತ್ತು. ಅದರ ನಡುವೆ ಹೊಳೆಪ್ಪ ಮೊಣಕಾಲೂರಿ, ನಿನ್ನೆಯ ಅಂಗಿಯಲ್ಲೇ, ಎರಡೂ ಕೈಯಿಂದ ಕೆಸರು ಬಗೆಯುತ್ತಿದ್ದ. ಉಗುರುಗಳಲ್ಲಿ ರಕ್ತ ಬಂದಿತ್ತು. "ಏಳ್ರಿ, ಹೋದದ್ದು ಹೋತು. ಭತ್ತ ಮತ್ತ ಬಿತ್ತಿದ್ರಾತು," ಎಂದಳು ಅವಳು. ಎಷ್ಟೋ ದಿನಗಳ ಮೇಲೆ ಅವಳ ದನಿ ಮೆತ್ತಗಿತ್ತು. ಅವನು ಕೈ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಭತ್ತಲ್ಲ, ರೇವಾ. ನೀ ಅಳ್ನಾವರದಾಗ ಇದ್ದಾಗ, ಕೋಡಿ ಏರಸೂ ಮೊದಲ, ನಮ್ಮ ಅಮೃತಾನ್ನ ಮ್ಯಾಲಿನ ಹೊಲದಿಂದ ಯಾರಿಗೂ ಹೇಳದ ಎತಗೊಂಡು ಬಂದಿದ್ದೆ. ಕುಣಿ ತೆಗದದ್ದು ಕೇಳಿದ್ರ ನೀ ತಡಕೊಳ್ಳಾಂಗಿಲ್ಲಂತ ಆಗ ನಿನ್ನ ಮುಂದ ಹೇಳಾಕ ಧೈರ್ಯ ಸಾಲಲಿಲ್ಲ, ಆಮ್ಯಾಲ ಹೇಳಾಕ ಬಂದ್ರ ನೀ ಕೇಳಲಿಲ್ಲ. ಇಲ್ಲೆ, ಈ ಮೂಲಿಯೊಳಗ, ಕಲ್ಲೂ ನೆಡದ ಇಟ್ಟಿದ್ದೆ. ಇಲ್ಲಿಗೆ ಎಂದೂ ನೀರು ಬರೂದಿಲ್ಲಂತ."